ದೀಪ ಆರಿಸಿದರೂ ಇಳಿಯದ ಬಿಲ್ಲು: ಕುವೆಂಪುನಗರದ ಒಂದು ಮನೆಯ ಪ್ರಕರಣ ಅಧ್ಯಯನ

ಮೈಸೂರಿನ ಕುವೆಂಪುನಗರದ ಈ ಮನೆಯಲ್ಲಿ ಐದು ಜನ: ಅಜ್ಜಿ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಹೈಸ್ಕೂಲಿನ ಮೊಮ್ಮಗ. ಅಂಗಳದಲ್ಲಿ ಸಂಪು, ಅದಕ್ಕೆ 1 ಎಚ್‌ಪಿ ಮೋಟಾರ್. ತಾರಸಿಯ ಮೇಲೆ 1000 ಲೀಟರಿನ ಟ್ಯಾಂಕ್, ಪಕ್ಕದಲ್ಲೇ 200 ಲೀಟರಿನ ಸೋಲಾರ್ ವಾಟರ್ ಹೀಟರ್. ಎಸಿ ಇಲ್ಲ. ಬಲ್ಬು, ಟ್ಯೂಬ್‌ಲೈಟುಗಳೆಲ್ಲ ಹಿಂದೆಯೇ ಎಲ್‌ಇಡಿ ಆಗಿವೆ. ಕೋಣೆಯಿಂದ ಹೊರಗೆ ಬಂದವರು ದೀಪ ಆರಿಸದಿದ್ದರೆ ಬೈಸಿಕೊಳ್ಳಲೇಬೇಕು, ಅಷ್ಟು ಶಿಸ್ತಿನ ಮನೆ. ಆದರೂ ಮಾರ್ಚ್ ತಿಂಗಳ ರೀಡಿಂಗ್ 242 ಯೂನಿಟ್.

ಈ ಅಂಕಿಗೆ ಇಲ್ಲಿ ವಿಶೇಷ ಮಹತ್ವವಿದೆ. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ ಪ್ರತಿ ಮನೆಗೂ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಮಿತಿ ಕಟ್ಟಿದರು. ಈ ಮನೆಯ ಸರಾಸರಿ ಆಗ 160 ಯೂನಿಟ್ ಇತ್ತು, ಹಾಗಾಗಿ ಮಿತಿ 176. ಅದರೊಳಗಿದ್ದರೆ ಸೊನ್ನೆ ಬಿಲ್ಲು. 176 ದಾಟಿ 200ರೊಳಗೆ ನಿಂತರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಅಷ್ಟೂ ಯೂನಿಟ್‌ಗೆ ಪೂರ್ತಿ ಬಿಲ್ಲು. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು. 160ರಲ್ಲಿದ್ದ ಮನೆ 242ಕ್ಕೆ ಏರಿದ್ದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ. ಹೊಸ ಉಪಕರಣವೇನೂ ಮನೆಗೆ ಬಂದಿರಲಿಲ್ಲ.

ಮೀಟರಿನ ಕೆಂಪು ದೀಪ

ಮೊದಲ ಪರೀಕ್ಷೆ ರಾತ್ರಿ ಹನ್ನೊಂದಕ್ಕೆ. ದೀಪ, ಫ್ಯಾನು, ಟಿವಿ ಎಲ್ಲ ಆಫ್ ಮಾಡಿ, ಫ್ರಿಜ್ಜಿನ ಸ್ವಿಚ್ಚನ್ನೂ ಹತ್ತು ನಿಮಿಷದ ಮಟ್ಟಿಗೆ ತೆಗೆದು, ಮೀಟರಿನ ಮುಂದೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಎಂದು ಅಚ್ಚಾಗಿರುತ್ತದೆ. ಈ ಮನೆಯದರಲ್ಲಿ 3200. ಹಾಗಿದ್ದಾಗ ಲೆಕ್ಕ ಸುಲಭ: 1125ನ್ನು ಎರಡು ಮಿಟುಕುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಕ್ಷಣ ಮನೆ ಎಳೆಯುತ್ತಿರುವ ವಾಟ್ ಸಿಗುತ್ತದೆ. ಮೀಟರಿನಲ್ಲಿ 1600 ಎಂದಿದ್ದರೆ 1125ರ ಬದಲು 2250 ಹಿಡಿಯಬೇಕು.

ಎಲ್ಲವೂ ಆಫ್ ಆಗಿದ್ದ ಆ ಹೊತ್ತಿನಲ್ಲಿ ಕೆಂಪು ದೀಪ 19 ಸೆಕೆಂಡಿಗೊಮ್ಮೆ ಮಿಟುಕುತ್ತಿತ್ತು. ಅಂದರೆ ಸುಮಾರು 60 ವಾಟ್. ನೋಡಲು ಚಿಕ್ಕದು. ಆದರೆ ಹಗಲೂ ರಾತ್ರಿಯೂ ಹರಿಯುವ 60 ವಾಟ್ ತಿಂಗಳಿಗೆ 43 ಯೂನಿಟ್ ಆಗುತ್ತದೆ. ಇಡೀ ಮನೆಯ ದೀಪಗಳೆಲ್ಲ ಸೇರಿ ತಿಂಗಳಿಗೆ ತಿನ್ನುತ್ತಿದ್ದುದು 12 ಯೂನಿಟ್ ಮಾತ್ರ.

ಒಂದೊಂದೇ ಪ್ಲಗ್ ಕೀಳುತ್ತಾ ಮತ್ತೆ ಮತ್ತೆ ಎಣಿಸಿದಾಗ ಪಾಲು ಹೀಗೆ ಬಿಡಿಬಿಡಿಯಾಯಿತು: ಸೆಟ್‌ಟಾಪ್ ಬಾಕ್ಸ್ 13 ವಾಟ್, ವೈಫೈ ರೂಟರ್ 8, ಹೋಮ್ ಥಿಯೇಟರ್ 5, ಮೈಕ್ರೋವೇವಿನ ಗಡಿಯಾರ ಮತ್ತು ಚಾರ್ಜರುಗಳು ಸೇರಿ 2. ಎಲ್ಲ ಕಿತ್ತ ಮೇಲೂ ದೀಪ 35 ಸೆಕೆಂಡಿಗೊಮ್ಮೆ ಮಿಟುಕುತ್ತಲೇ ಇತ್ತು. ಆ 32 ವಾಟ್ ಯುಪಿಎಸ್‌ನದು. ಯುಪಿಎಸ್ ಅನ್ನು ಕೊನೆಗೇ ಅಳೆಯಬೇಕು. ರೂಟರ್, ಟಿವಿ ಅದರ ಲೈನಿನಲ್ಲಿರುವಾಗ ಮೊದಲೇ ಯುಪಿಎಸ್ ಸ್ವಿಚ್ ತೆಗೆದರೆ ಅವು ಬ್ಯಾಟರಿಯಿಂದ ಓಡುತ್ತವೆ, ಮೀಟರಿಗೆ ಕಾಣುವುದಿಲ್ಲ. ಆಗ ಅವುಗಳ ಪಾಲೂ ಯುಪಿಎಸ್ ಖಾತೆಗೇ ಬೀಳುತ್ತದೆ.

ಉಳಿದ ಉಪಕರಣಗಳ ವಾಟ್ ಮತ್ತು ಗಂಟೆ ಗುಣಿಸಿ ಮಾರ್ಚ್‌ನ ಲೆಕ್ಕ ಪೂರ್ತಿ ಮಾಡಿದೆವು. ಗೀಸರ್ 66 ಯೂನಿಟ್, ಫ್ರಿಜ್ 45, ಸದಾ ಹರಿಯುವ ಆ 60 ವಾಟಿನದು 43, ಫ್ಯಾನುಗಳು 42, ಮೋಟಾರ್ 14, ದೀಪ 12, ಟಿವಿ 7, ವಾಷಿಂಗ್ ಮಷಿನ್ 5, ಮಿಕ್ಸಿ ಗ್ರೈಂಡರ್ 4, ಇಸ್ತ್ರಿ 4. ಮನೆಯವರ ಕಣ್ಣು ಇಷ್ಟು ದಿನ 12ರ ಮೇಲಿತ್ತು. ಸೋಲಾರ್ ಇರುವ ಮನೆಯಲ್ಲಿ ಗೀಸರಿಗೇ 66 ಹೋಗುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ.

ಸೋಲಾರ್ ಕೆಟ್ಟಿರಲಿಲ್ಲ

"ಸೋಲಾರ್ ಹಳೇದಾಯ್ತು, ನೀರು ಕಾಯಲ್ಲ" ಎಂದು ಮನೆಯವರು ಎರಡು ವರ್ಷದಿಂದ ಅದನ್ನು ಬಿಟ್ಟೇಬಿಟ್ಟಿದ್ದರು. ಬಚ್ಚಲಿನಲ್ಲಿ 25 ಲೀಟರಿನ ಗೀಸರ್ ಬೆಳಿಗ್ಗೆ ಐದೂವರೆಗೆ ಆನ್ ಆದರೆ ಕೊನೆಯವರ ಸ್ನಾನ ಮುಗಿಯುವ ತನಕ ಉರಿಯುತ್ತಿತ್ತು. ಆದರೆ ಅಜ್ಜಿ ಸೊಸೆಗೆ ಹೇಳುತ್ತಿದ್ದ ಮಾತೊಂದರಲ್ಲಿ ಸುಳಿವಿತ್ತು: "ಬಿಸ್ನೀರ್ ಬರುತ್ತೆ ಕಣಮ್ಮ, ಆದ್ರೆ ಒಂದ್ಸಲ ಕಾದಿರುತ್ತೆ, ಇನ್ನೊಂದ್ಸಲ ಉಗುರು ಬೆಚ್ಚಗೆ." ಸೋಲಾರ್ ನಿಜವಾಗಿ ಕೆಟ್ಟಿದ್ದರೆ ಯಾವತ್ತೂ ಕಾಯಬಾರದು.

ಪರೀಕ್ಷೆ ತಾರಸಿಯಿಂದ ಶುರು. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ನಾಲ್ಕಕ್ಕೆ ಸೋಲಾರ್ ಟ್ಯಾಂಕಿನ ಹೊರಹರಿವಿನ ಪೈಪಿಗೆ ಬಟ್ಟೆ ಸುತ್ತಿ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಅಂದರೆ ಮೇಲೆ ನೀರು ಕಾಯುತ್ತಿದೆ, ಕೆಳಗೆ ಬರುವಾಗ ಎಲ್ಲೋ ಕೆಡುತ್ತಿದೆ. ಎರಡನೆಯದು ನಿರ್ಣಾಯಕ ಪರೀಕ್ಷೆ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ಎಲ್ಲ ಸರಿಯಿದ್ದರೆ ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲುತ್ತದೆ, ಏಕೆಂದರೆ ಕೆಳಗಿನಿಂದ ತಣ್ಣೀರು ತಳ್ಳದಿದ್ದರೆ ಮೇಲಿನ ಬಿಸಿನೀರು ಹೊರಬರುವುದಿಲ್ಲ. ಈ ಮನೆಯಲ್ಲಿ ನೀರು ನಿಲ್ಲಲಿಲ್ಲ, ಐದು ನಿಮಿಷವಾದರೂ ಬಂತು. ಬಿಸಿನೀರಿನ ಲೈನಿಗೆ ಇನ್ನೆಲ್ಲಿಂದಲೋ ತಣ್ಣೀರು ನುಗ್ಗುತ್ತಿತ್ತು.

ನುಗ್ಗುತ್ತಿದ್ದುದು ಮಹಡಿ ಬಚ್ಚಲಿನ ಮಿಕ್ಸರ್ ನಲ್ಲಿಯಿಂದ. ಅದಕ್ಕೆ ಎರಡು ಹಿಡಿಗಳು, ಒಂದು ಬಿಸಿ, ಒಂದು ತಣ್ಣೀರು. ಮುಂದೆ ಹ್ಯಾಂಡ್ ಶವರ್, ಅದರ ತುದಿಯಲ್ಲೇ ಒಂದು ಗುಂಡಿ. ಮಕ್ಕಳು ಸ್ನಾನ ಮುಗಿಸಿ ಗುಂಡಿ ಒತ್ತಿ ನೀರು ನಿಲ್ಲಿಸುತ್ತಿದ್ದರು, ಎರಡೂ ಹಿಡಿ ತೆರೆದೇ ಇರುತ್ತಿದ್ದವು. ಹೊರಗೆ ಹೋಗಲು ದಾರಿ ಇಲ್ಲದ ತಣ್ಣೀರು, ತನ್ನ ಒತ್ತಡ ಹೆಚ್ಚಿದ್ದರಿಂದ ಮಿಕ್ಸರ್ ಒಳಗೇ ದಾಟಿ ಬಿಸಿನೀರಿನ ಪೈಪಿಗೆ ಸೇರುತ್ತಿತ್ತು. ಕೆಳಗೆ ಅಜ್ಜಿಯ ಬಕೆಟ್ಟಿಗೆ ಬರುತ್ತಿದ್ದುದು ಆ ಕಲಬೆರಕೆ. ಮಕ್ಕಳು ಮಹಡಿಯಲ್ಲಿ ಮೊದಲು ಸ್ನಾನ ಮಾಡಿದ ದಿನ ಉಗುರು ಬೆಚ್ಚಗೆ, ಮಾಡದ ದಿನ ಕಾದ ನೀರು. ಸೋಲಾರ್ ಇರುವ ಎಷ್ಟೋ ಮನೆಗಳಲ್ಲಿ ಇದೇ ತೊಂದರೆ ಇರುತ್ತದೆ, ಬೈಗುಳ ಮಾತ್ರ ತಾರಸಿಯ ಮೇಲಿನ ಟ್ಯಾಂಕಿಗೆ.

ಪರಿಹಾರ ಎರಡು. ಸ್ನಾನವಾದ ಮೇಲೆ ಗುಂಡಿಯ ಬದಲು ಎರಡೂ ಹಿಡಿ ಮುಚ್ಚುವುದು, ಇದಕ್ಕೆ ಖರ್ಚಿಲ್ಲ. ಆದರೆ ಬರೀ ಅಭ್ಯಾಸವನ್ನು ನಂಬಿ ಕೂರುವುದು ಸರಿಯಲ್ಲ, ನೆಂಟರು ಬಂದ ದಿನ ಮತ್ತೆ ತೆರೆದೇ ಇರುತ್ತದೆ. ಆದ್ದರಿಂದ ಆ ಮಿಕ್ಸರಿಗೆ ಹೋಗುವ ಬಿಸಿನೀರಿನ ಪೈಪಿನಲ್ಲಿ ನೀರು ಹಿಂದಕ್ಕೆ ಹರಿಯಲು ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿಸಲಾಯಿತು. ವಾಲ್ವಿನ ಮೈಮೇಲಿನ ಬಾಣದ ಗುರುತು ನೀರು ಹೋಗಬೇಕಾದ ದಿಕ್ಕಿಗಿರಬೇಕು. ತಿರುಗುಮುರುಗಾದರೆ ಬಿಸಿನೀರು ಬರುವುದೇ ಇಲ್ಲ.

ಆಮೇಲೆ ಟ್ಯೂಬುಗಳು. ಈ ಸೋಲಾರಿಗೆ 20 ಗಾಜಿನ ಟ್ಯೂಬುಗಳಿವೆ. ಪ್ರತಿ ಟ್ಯೂಬಿನ ಕೆಳತುದಿಯ ಒಳಗೆ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪ ಇರುತ್ತದೆ. ಗಾಜಿನ ಎರಡು ಪದರಗಳ ನಡುವಿನ ನಿರ್ವಾತ ಹೋದರೆ ಆ ಬೆಳ್ಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗೆ ಬೆಳ್ಳಗಾದದ್ದು ಒಂದು ಸಿಕ್ಕಿತು. ಕೆಲವದರ ತಳದಲ್ಲಿ ಕೆಸರು, ಸುಣ್ಣ ಕೂತಿತ್ತು. ಬೇಸಿಗೆಯಲ್ಲಿ ಕಾವೇರಿ ನೀರು ಸಾಲದೆ ತರಿಸಿದ ಬೋರ್‌ವೆಲ್ ಟ್ಯಾಂಕರ್ ನೀರಿನ ಕಾಣಿಕೆ ಅದು. ಟ್ಯೂಬು ಬಿಚ್ಚುವ, ತೊಳೆಯುವ ಕೆಲಸ ಸೂರ್ಯ ಹುಟ್ಟುವ ಮುಂಚೆಯೇ ಮುಗಿಯಬೇಕು. ಬಿಸಿಲಿಗೆ ಒಣಗಿ ಕಾದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ. ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಕಡ್ಡಿಯನ್ನೂ ಅದೇ ಹೊತ್ತಿಗೆ ಬದಲಾಯಿಸಲಾಯಿತು. ಹಳೆಯದರಲ್ಲಿ ಒಳಗಿನ ತಂತಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ಒಂದು ತೊಂದರೆ ಉಳಿಯಿತು. ಸೋಲಾರಿನಿಂದ ಕೆಳಗಿನ ಬಚ್ಚಲಿಗೆ ಪೈಪು ಸುಮಾರು 15 ಮೀಟರ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಅಷ್ಟು ಉದ್ದಕ್ಕೆ ನಾಲ್ಕೂವರೆ ಐದು ಲೀಟರ್ ತಣ್ಣೀರು ನಿಂತಿರುತ್ತದೆ, ಅದು ಹೋದ ಮೇಲೆಯೇ ಬಿಸಿನೀರು. ತಾರಸಿಯ ಮೇಲಿನ ಪೈಪಿಗೆ 9 ಮಿಲಿಮೀಟರ್ ದಪ್ಪದ ಕಪ್ಪು ಫೋಮ್ ಕೊಳವೆ ಹೊದಿಸಿ, ಬಿಸಿಲಿಗೆ ಪುಡಿಯಾಗದಂತೆ ಮೇಲೆ ಟೇಪ್ ಸುತ್ತಿದ್ದಾರೆ. ಸ್ನಾನಗಳನ್ನು ಒಂದರ ಹಿಂದೆ ಒಂದು ಇಟ್ಟುಕೊಂಡಿದ್ದಾರೆ. ಹಾಗೆ ಮಾಡಿದರೆ ಪೈಪು ಬಿಸಿಯಾಗಿಯೇ ಇರುತ್ತದೆ. ಮೊದಲಿನ ಅರ್ಧ ಬಕೆಟ್ ತಣ್ಣೀರು ಈಗ ಬಟ್ಟೆ ನೆನೆಸಲು ಹೋಗುತ್ತದೆ.

ಬ್ಯಾಟರಿ, ಫ್ರಿಜ್ಜು, ಫ್ಯಾನು

ಯುಪಿಎಸ್ 32 ವಾಟ್ ಏಕೆ ಎಳೆಯುತ್ತಿತ್ತು? ಅದರ ಬ್ಯಾಟರಿಗೆ ಆರು ವರ್ಷ ದಾಟಿತ್ತು. ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಐದು ಸೆಲ್ಲುಗಳು 1.23ರ ಆಸುಪಾಸು ತೋರಿಸಿದರೆ ಒಂದು ಮಾತ್ರ 1.14. ಒಂದು ಸೆಲ್ ಸತ್ತರೆ ಬ್ಯಾಟರಿ ಎಂದೂ ಪೂರ್ತಿ ಚಾರ್ಜ್ ಆಗುವುದಿಲ್ಲ. ಚಾರ್ಜರ್ ಮಾತ್ರ ತುಂಬುತ್ತಲೇ ಇರುತ್ತದೆ, ಆ ವಿದ್ಯುತ್ತೆಲ್ಲ ಶಾಖವಾಗಿ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುವುದು, ಬ್ಯಾಟರಿಯ ಒಂದು ಬದಿ ಮಾತ್ರ ಬೆಚ್ಚಗಿರುವುದು ಇದರ ಲಕ್ಷಣ. ಹೊಸ ಬ್ಯಾಟರಿ ಹಾಕಿದ ಮೇಲೆ ಎಳೆತ 15 ವಾಟಿಗೆ ಇಳಿಯಿತು. ಹಳೆಯದನ್ನು ಅಂಗಡಿಗೇ ಹಿಂತಿರುಗಿಸಲಾಯಿತು. ಸೀಸ, ಆಮ್ಲ ತುಂಬಿದ ಅದನ್ನು ಗುಜರಿಗೆ ಹಾಕಬಾರದು. ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಆಫ್ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ. ಟಿವಿ, ಬಾಕ್ಸ್, ಹೋಮ್ ಥಿಯೇಟರ್ ಮೂರನ್ನೂ ಒಂದೇ ಸ್ವಿಚ್ಚಿಗೆ ತಂದಿದ್ದರಿಂದ ತಿಂಗಳಿಗೆ ಹತ್ತು ಯೂನಿಟ್ ಉಳಿಯಿತು.

ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡುವ ಪರೀಕ್ಷೆ ಹಳೆಯದಾದರೂ ನಂಬಬಹುದು. ಕೆಳಗಿನ ಕೀಲಿನ ಮೂಲೆಯಲ್ಲಿ ನೋಟು ಸಲೀಸಾಗಿ ಜಾರಿತು, ಅಲ್ಲಿ ರಬ್ಬರ್ ಹರಿದಿತ್ತು. ರಬ್ಬರ್ ಬದಲಾಯಿತು. ಗೋಡೆಗೆ ಒತ್ತಿಕೊಂಡಿದ್ದ ಫ್ರಿಜ್ಜು 15 ಸೆಂಟಿಮೀಟರ್ ಮುಂದೆ ಬಂತು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ನೋಡಿದರೆ 1 ಡಿಗ್ರಿ, ಗುಂಡಿ ವರ್ಷವಿಡೀ ಬೇಸಿಗೆಯ ಗುರುತಿನಲ್ಲೇ ನಿಂತಿತ್ತು. 4 ಡಿಗ್ರಿಗೆ ತಂದರು. 45 ಯೂನಿಟ್ 36ಕ್ಕೆ ಇಳಿಯಿತು. ಇದಕ್ಕಿಂತ ಕಡಿಮೆ ಬೇಕೆಂದರೆ ಹೊಸ ಫ್ರಿಜ್ಜೇ ಬೇಕು. ಓಡುತ್ತಿರುವುದನ್ನು ಬಿಸಾಡಿ ಹೊಸದನ್ನು ಕೊಳ್ಳಿ ಎಂದು ನಾವು ಹೇಳಲಾರೆವು.

ಮಲಗುವ ಕೋಣೆಗಳ ಎರಡು ಫ್ಯಾನುಗಳು ರಾತ್ರಿ ತಲಾ ಎಂಟು ಗಂಟೆ ತಿರುಗುತ್ತವೆ. ಅವೆರಡನ್ನೇ ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಮೋಟಾರಿನ, 30 ವಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಾಯಿಸಲಾಯಿತು, ತಿಂಗಳಿಗೆ 19 ಯೂನಿಟ್ ಉಳಿಕೆ. ನಡುಮನೆಯ ಫ್ಯಾನು ತಿರುಗುವುದು ದಿನಕ್ಕೆ ನಾಲ್ಕು ಗಂಟೆಯಷ್ಟೇ, ಅದು ಹಾಗೇ ಇದೆ. ಇಂಥ ಫ್ಯಾನಿಗೆ ರಿಮೋಟ್ ಇರುತ್ತದೆ, ಗೋಡೆಯ ಹಳೆಯ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಬೇಕು. ಅದನ್ನು ಹಾಗೇ ಬಿಟ್ಟರೆ ಫ್ಯಾನಿನ ಒಳಗಿನ ಸರ್ಕ್ಯೂಟ್ ಬೇಗ ಕೆಡುತ್ತದೆ.

ಮೋಟಾರ್ ದಿನಕ್ಕೆ ಎರಡು ಸಲ ಹಾಕಬೇಕಾಗುತ್ತಿದ್ದುದಕ್ಕೆ ಕಾರಣ ಶೌಚಾಲಯದ ಫ್ಲಶ್ ಟ್ಯಾಂಕ್. ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಬಿಟ್ಟು ಇಪ್ಪತ್ತು ನಿಮಿಷ ಕಾದಾಗ ಕಮೋಡಿನ ಒಳಗೆ ಬಣ್ಣ ಇಳಿದಿತ್ತು. ತಳದ ರಬ್ಬರ್ ವಾಷರ್ ಬದಲಾಯಿಸಿದರೆ ಸಾಕಾಯಿತು.

ಕಸದ ತೂಕ

ಕಸದ ವಿಷಯದಲ್ಲೂ ಮೊದಲು ತೂಕ, ಆಮೇಲೆ ಮಾತು. ಏಳು ದಿನ ಹಸಿ ಕಸ, ಒಣ ಕಸ ಬೇರೆ ಬೇರೆ ತೂಗಿಸಲಾಯಿತು. ಹಸಿ ಕಸ 8.4 ಕೆಜಿ, ಒಣ ಕಸ 1.9, ಎರಡಕ್ಕೂ ಸೇರದ್ದು ಅರ್ಧ ಕೆಜಿ. ಮೈಸೂರು 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಎನಿಸಿಕೊಂಡ ಊರು. ಹಾಗಿದ್ದೂ ವಿದ್ಯಾರಣ್ಯಪುರದ ಸೀವೇಜ್ ಫಾರ್ಮಿನಲ್ಲಿ ಹಳೆಯ ಕಸ ಗುಡ್ಡವಾಗಿ ಬೆಳೆದದ್ದನ್ನು ಸುತ್ತಲಿನವರು ಉಸಿರಿನಲ್ಲೇ ಅನುಭವಿಸಿದ್ದಾರೆ. ಬೇರೆ ಮಾಡದ ಹಸಿ ಕಸ ಅಂಥ ಗುಡ್ಡಕ್ಕೇ ಸೇರುತ್ತದೆ.

8.4 ಕೆಜಿಯಲ್ಲಿ ತರಕಾರಿ ಸಿಪ್ಪೆ, ದೇವರ ಮನೆಯ ಹೂವು, ಟೀ ಗಸಿ, ಬಾಳೆಎಲೆ ಎಲ್ಲ ಇದ್ದವು. ಬೇಸರ ತರಿಸಿದ್ದು ಬೇಯಿಸಿ ಚೆಲ್ಲಿದ್ದ ಅನ್ನ, ಸಾರು, ಪಲ್ಯ: 1.7 ಕೆಜಿ. ಮಕ್ಕಳು ಚಿಕ್ಕವರಿದ್ದಾಗಿನ ಅಳತೆಯಲ್ಲೇ ರಾತ್ರಿಗೂ ಮೂರು ಪಾವು ಅಕ್ಕಿ ಬೇಯುತ್ತಿತ್ತು. ಈಗ ಮೊಮ್ಮಗಳು ವಾರದಲ್ಲಿ ನಾಲ್ಕು ದಿನ ಕಾಲೇಜು, ಟ್ಯೂಷನ್ ಮುಗಿಸಿ ಹೊರಗೇ ಏನಾದರೂ ತಿಂದು ಬರುತ್ತಾಳೆ. ಯಾರು ಊಟಕ್ಕೆ ಇರುತ್ತಾರೆ ಎಂದು ಸಂಜೆ ಆರಕ್ಕೆ ಕೇಳಿ ಅಕ್ಕಿ ತೊಳೆಯುವುದು ರೂಢಿಯಾಯಿತು. ಅಕ್ಕಿ ಎರಡು ಪಾವಿಗೆ ಇಳಿಯಿತು, ಚೆಲ್ಲುವುದು ವಾರಕ್ಕೆ ಅರ್ಧ ಕೆಜಿಗೆ ಬಂತು. ಈ ಒಂದು ಬದಲಾವಣೆಯಲ್ಲಿ ಅಕ್ಕಿ, ಗ್ಯಾಸು, ನೀರು, ಕಸ ನಾಲ್ಕೂ ಉಳಿದವು.

ಉಳಿದದ್ದಕ್ಕೆ ಹಿತ್ತಲಿನಲ್ಲಿ 60 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್. ತಳದಿಂದ ನಾಲ್ಕು ಇಂಚು ಮೇಲೆ ಸುತ್ತಲೂ 8 ಮಿಲಿಮೀಟರ್ ತೂತುಗಳ ಮೂರು ಸಾಲು, ತಳದಲ್ಲೂ ಐದಾರು ತೂತು. ಇಟ್ಟಿಗೆಯ ಮೇಲೆ ಕೂರಿಸಿ ಕೆಳಗೆ ತಟ್ಟೆ ಇಡಬೇಕು. ತಳಕ್ಕೆ ತೆಂಗಿನ ನಾರು ಮೂರು ಇಂಚು. ಆಮೇಲೆ ದಿನದ ಹಸಿ ಕಸ ಒಂದು ಬೋಗುಣಿಯಾದರೆ ಒಣಗಿದ ಎಲೆಯೂ ಒಂದು ಬೋಗುಣಿ. ಶಿವರಾತ್ರಿಯ ಆಸುಪಾಸಿನಲ್ಲಿ ರಸ್ತೆಬದಿಯ ಹೊಂಗೆ ಎಲೆ ಉದುರುವಾಗ ಎರಡು ಗೋಣಿಚೀಲ ತುಂಬಿಟ್ಟರೆ ಮಳೆಗಾಲದ ತನಕ ಸಾಕು. ಮಂಡ್ಯದ ಕಡೆಯವರಿಗೆ ಕಬ್ಬಿನ ತರಗು ಇನ್ನೂ ಸುಲಭ, ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು ಅಷ್ಟೆ. ಹುದುಗಲು ಹುಳಿ ಮಜ್ಜಿಗೆ ಒಂದು ಲೋಟ, ಇಲ್ಲವೇ ಸಗಣಿ ನೀರು. ತೆಂಗಿನ ಚಿಪ್ಪು ಇದಕ್ಕೆ ಬೇಡ, ಅದು ವರ್ಷವಾದರೂ ಕೊಳೆಯುವುದಿಲ್ಲ.

ಮೂರನೇ ವಾರಕ್ಕೆ ಡ್ರಮ್ ನಾರಿತು. ಪಕ್ಕದ ಮನೆಯವರು ಕೇಳುವಷ್ಟು. ಕಾರಣ ಮೂರು: ಉಳಿದ ಸಾರನ್ನು ಬಸಿಯದೆ ಸುರಿದಿದ್ದರು, ಎಲೆ ಹಿಡಿಯಷ್ಟೇ ಹಾಕಿದ್ದರು, ಇಲಿಗೆ ಹೆದರಿ ಗಾಳಿ ತೂತುಗಳಿಗೆ ಟೇಪ್ ಅಂಟಿಸಿದ್ದರು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ನೀರು ಹೆಚ್ಚು ಎಂದರ್ಥ. ಮೂಗಿಗೆ ಚುಚ್ಚುವ ಅಮೋನಿಯ ವಾಸನೆಯಾದರೆ ಒಣ ಎಲೆ ಸಾಲದು. ಇರುವೆ ಮುತ್ತಿದರೆ ತೀರಾ ಒಣಗಿದೆ. ಟೇಪ್ ಕಿತ್ತು ತೂತಿಗೆ ಒಳಗಿನಿಂದ ಸೊಳ್ಳೆಪರದೆ ಅಂಟಿಸಿ, ಎಲ್ಲವನ್ನೂ ಹೊರಗೆ ಸುರಿದು, ಹರಿದ ರಟ್ಟು ಮತ್ತು ಎಲೆ ಬೆರೆಸಿ ಮತ್ತೆ ತುಂಬಿದರು. ನಾಲ್ಕನೇ ದಿನಕ್ಕೆ ವಾಸನೆ ಹೋಯಿತು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆಯಾಗಿ ಇಳಿಯಬಾರದು. ಅದೇ ಹದ. ಆಮೇಲೆ ಕಂದು ಬಣ್ಣದ ಚಪ್ಪಟೆ ಹುಳುಗಳು ಕಾಣಿಸಿಕೊಂಡವು. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ಕಸವನ್ನೇ ತಿಂದು ಗೊಬ್ಬರ ಮಾಡುತ್ತವೆ, ತೊಂದರೆಯಿಲ್ಲ. ಒಂದು ಡ್ರಮ್ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಹಿಡಿಯುವುದು. ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ, ಜರಡಿ ಹಿಡಿದರೆ ಗಿಡಕ್ಕೆ ತಯಾರು.

ಒಣ ಕಸದಲ್ಲಿ ಒಂದೇ ಮಾತು, ಹಾಲಿನ ಪ್ಯಾಕೆಟ್ಟಿನದು. ಮೂಲೆ ಕತ್ತರಿಸುವಾಗ ಆ ಚೂರು ಪೂರ್ತಿ ಬೇರೆಯಾಗಿ ಬಿದ್ದರೆ ಅದನ್ನು ಯಾರೂ ಆಯುವುದಿಲ್ಲ, ಚರಂಡಿಗೇ ಹೋಗುತ್ತದೆ. ಅರ್ಧ ಕತ್ತರಿಸಿ ಚೂರು ನೇತಾಡುತ್ತಿರುವಂತೆ ಬಿಡಬೇಕು. ಖಾಲಿಯಾದದ್ದಕ್ಕೆ ಎರಡು ಚಮಚ ನೀರು ಹಾಕಿ ಕುಲುಕಿ, ಆ ನೀರನ್ನು ತುಳಸಿ ಬುಡಕ್ಕೋ ಹೂವಿನ ಕುಂಡಕ್ಕೋ ಬಿಟ್ಟು, ಪ್ಯಾಕೆಟ್ಟನ್ನು ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ ಹಾಕುವುದು. ಅಜ್ಜಿ ಇದನ್ನು ಮೊದಲಿನಿಂದಲೂ ಮಾಡುತ್ತಿದ್ದರು, ಕಸದ ಗಾಡಿ ಬಂದಾಗ ಬೇರೆಯವರು ಅದನ್ನು ಹಸಿ ಕಸಕ್ಕೆ ಸೇರಿಸಿಬಿಡುತ್ತಿದ್ದರು. ಈಗ ದಿನಕ್ಕೆ ಮೂರರಂತೆ ಕೂಡಿಟ್ಟ ಪ್ಯಾಕೆಟ್ಟು ಗುಜರಿಯವರಿಗೆ ಹೋಗುತ್ತದೆ.

ಮೇ ಮತ್ತು ಆಗಸ್ಟ್

ಕೆಲಸಗಳೆಲ್ಲ ಏಪ್ರಿಲ್‌ನಲ್ಲಿ ಮುಗಿದವು. ಮೇ ತಿಂಗಳ ರೀಡಿಂಗ್ 129 ಯೂನಿಟ್, ಬಿಲ್ಲು ಸೊನ್ನೆ. ದೀಪದ 12 ಯೂನಿಟ್ ಹಾಗೇ ಇದೆ.

ಆಷಾಢದ ಮೋಡ ಕವಿದಾಗ ಮಾತ್ರ ಒಂದು ಎಡವಟ್ಟಾಯಿತು. ಸೋಲಾರ್ ಟ್ಯಾಂಕಿನಲ್ಲಿ ಮಳೆಗಾಲಕ್ಕೆಂದು ಒಂದು ವಿದ್ಯುತ್ ಕಾಯಿಲ್ ಇರುತ್ತದೆ. ಮೂರು ರಾತ್ರಿ ಅದನ್ನು ಹಾಕಿದರು. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು 8 ಯೂನಿಟ್ ಬೇಕು, ಐದು ಜನ ಬಕೆಟ್ ಸ್ನಾನ ಮಾಡಲು ಅದರ ಅರ್ಧದಷ್ಟು ನೀರೂ ಬೇಡ. ಮೋಡದ ದಿನಗಳಲ್ಲಿ ಆ ಕಾಯಿಲ್ ಬಿಟ್ಟು ಬಚ್ಚಲಿನ 25 ಲೀಟರ್ ಗೀಸರನ್ನೇ ಬಳಸಬೇಕು. 55 ಡಿಗ್ರಿಗೆ ಇಟ್ಟು, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಕೊನೆಯವರು ಬಕೆಟ್ ತುಂಬಿಸಿಕೊಂಡ ತಕ್ಷಣ ಆರಿಸಿದರೆ ದಿನಕ್ಕೆ 2 ಯೂನಿಟ್ ಸಾಕು. ಆಗಸ್ಟ್‌ನ ರೀಡಿಂಗ್ 154ಕ್ಕೆ ನಿಂತಿತು. ಕಾಯಿಲ್ಲಿನ ಸ್ವಿಚ್ಚಿಗೆ ಮೊಮ್ಮಗ ಒಂದು ಚೀಟಿ ಅಂಟಿಸಿದ್ದಾನೆ: "ಒಂದು ರಾತ್ರಿಗೆ 8 ಯೂನಿಟ್." ಕೆಳಗಿನ ಬಚ್ಚಲಿಗೆ ಬಿಸಿನೀರಿನ ಪೈಪನ್ನು ಹತ್ತಿರದ ದಾರಿಯಲ್ಲಿ ಎಳೆಸುವ ಕೆಲಸ ಇನ್ನೂ ಬಾಕಿ ಇದೆ, ದಸರಾ ಕಳೆದ ಮೇಲೆ ಪ್ಲಂಬರ್ ಬರುವುದಾಗಿ ಹೇಳಿದ್ದಾರೆ.